ಒಂದೇ ಹೆಸರಿನ ಎರಡು ಆದೇಶಗಳು: ತಪ್ಪು ವಿದ್ಯಾರ್ಥಿಯದೇ?

ಭೌತಶಾಸ್ತ್ರದ ಪ್ರಯೋಗಾಲಯಗಳಲ್ಲಿ ಈಗ ಪೈಥಾನ್ ಭಾಷೆಯ ಬಳಕೆ ಹೆಚ್ಚುತ್ತಿದೆ. ಲೋಲಕದ ವಾಚನಗಳನ್ನು ನಂಪೈಗೆ ಕೊಟ್ಟು ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ನಕ್ಷೆ ಎಳೆಯುವುದನ್ನು ಬಿ.ಎಸ್ಸಿ. ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ. ಆದರೆ ಈ ತಂತ್ರಾಂಶಗಳನ್ನು ಗಣಕದಲ್ಲಿ ಅಳವಡಿಸುವಾಗ, ಅದುವರೆಗೆ ಸರಿಯಾಗಿದ್ದ ಯಾವುದೋ ಆದೇಶ ಕೆಟ್ಟು ನಿಲ್ಲುವುದುಂಟು. ವಿದ್ಯಾರ್ಥಿಯನ್ನು ಗದರಿಸುವ ಮೊದಲು ತಪ್ಪು ಎಲ್ಲಿದೆ ಎಂದು ನೋಡೋಣ.

ತರಗತಿಯಲ್ಲಿ ದೇವದುರ್ಗದ ಅಮರೇಶ, ಮಾನ್ವಿಯ ಅಮರೇಶ ಎಂದು ಇಬ್ಬರಿದ್ದಾರೆ ಎನ್ನಿ. ಊರು ಹೇಳದೆ ಬರಿಯ ‘ಅಮರೇಶ’ ಎಂದು ಕೂಗಿದರೆ ಮುಂದಿನ ಬೆಂಚಿನವನೇ ಮೊದಲು ಓಗೊಡುತ್ತಾನೆ. ಲಿನಕ್ಸ್ ಗಣಕದಲ್ಲಿ ಆಗುವುದೂ ಇದೇ. ನೀವು ಆದೇಶದ ಹೆಸರನ್ನು ಒತ್ತಿದಾಗ ಅದು ‘ಪಾಥ್’ ಎಂಬ ಪಟ್ಟಿಯಲ್ಲಿರುವ ಕಡತಕೋಶಗಳನ್ನು ಸಾಲಾಗಿ ಹುಡುಕಿ, ಮೊದಲು ಸಿಕ್ಕಿದ್ದನ್ನು ನಡೆಸುತ್ತದೆ. ಸಿಕ್ಕ ಜಾಗವನ್ನು ನೆನಪಿಟ್ಟುಕೊಂಡು ಮುಂದಿನ ಸಲ ನೇರವಾಗಿ ಅಲ್ಲಿಗೇ ಹೋಗುತ್ತದೆ.

2018ರ ಪಾಠ

ಪೈಥಾನ್ ಪೊಟ್ಟಣಗಳನ್ನು ತರುವ ಸಾಧನ ಪಿಪ್. ಉಬುಂಟು 16.04ರಲ್ಲಿ ಇದ್ದದ್ದು ಅದರ 8.1ನೆಯ ಆವೃತ್ತಿ. 2018ರ ಏಪ್ರಿಲ್‌ನಲ್ಲಿ 10ನೆಯ ಆವೃತ್ತಿ ಬಂತು. ಹೊಸತನ್ನು ಹಾಕಿಕೊಳ್ಳಿ ಎಂದು ಪಿಪ್ ತಾನೇ ತೆರೆಯ ಮೇಲೆ ಸೂಚಿಸುತ್ತಿತ್ತು, ಬೇಕಾದ ಆದೇಶವನ್ನೂ ಬರೆದು ತೋರಿಸುತ್ತಿತ್ತು. ಅದರಂತೆ ನಡೆದವರಲ್ಲಿ ಅನೇಕರಿಗೆ ಪಿಪ್ ಓಡುವುದೇ ನಿಂತಿತು. ಕಾರಣ ಸರಳ. ಹೊಸ ಆವೃತ್ತಿಯ ಕಡತಗಳು ಬೇರೆ ಕೋಶದಲ್ಲಿ ಕುಳಿತವು. ವ್ಯವಸ್ಥೆ ಮೊದಲೇ ಇಟ್ಟಿದ್ದ ಹಳೆಯ ‘ಪಿಪ್’ ಆದೇಶ ಹಾಗೆಯೇ ಉಳಿಯಿತು. ಆ ಹಳೆಯ ಆದೇಶವು ಹೊಸ ಕಡತಗಳಲ್ಲಿ ಹುಡುಕಿದ ಭಾಗ ಅಲ್ಲಿರಲಿಲ್ಲ. ಅದನ್ನು ಹೊಸ ಆವೃತ್ತಿಯಲ್ಲಿ ಬೇರೆಡೆಗೆ ಸಾಗಿಸಲಾಗಿತ್ತು.

ಇಲ್ಲಿ ವಿದ್ಯಾರ್ಥಿಯ ತಪ್ಪೇನು? ಸಾಧನ ಹೇಳಿದ್ದನ್ನೇ ಅವನು ಮಾಡಿದ. ನನ್ನ ಆಕ್ಷೇಪ ಇರುವುದು ಇದಕ್ಕೇ: ಆದೇಶ ಯಾರ ವಶದಲ್ಲಿದೆ ಎಂದು ನೋಡದೆ ಸಾಧನವು ಸಲಹೆ ಕೊಟ್ಟಿತು. ಉಬುಂಟುವಿನ ‘ಆಪ್ಟ್’ ಒಂದು ಲೆಕ್ಕಪುಸ್ತಕ ಇಡುತ್ತದೆ, ಪಿಪ್ ಇನ್ನೊಂದು. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದುವುದಿಲ್ಲ. ಡೆಬಿಯನ್ ತನ್ನ ಉಗ್ರಾಣದೊಳಗೆ, ಬೇರೆ ಬೇರೆ ಕೆಲಸದ ಎರಡು ಪೊಟ್ಟಣಗಳು ಒಂದೇ ಹೆಸರಿನ ಆದೇಶ ಇಡಬಾರದೆಂಬ ನಿಯಮ ಮಾಡಿದೆ. ‘ನೋಡ್’ ಎಂಬ ಹೆಸರಿಗಾಗಿ ಹವ್ಯಾಸಿ ರೇಡಿಯೊ ತಂತ್ರಾಂಶಕ್ಕೂ ನೋಡ್ ಜೆಎಸ್‌ಗೂ ಜಗಳ ಬಂದಾಗ 2012ರಲ್ಲಿ ಅದರ ತಾಂತ್ರಿಕ ಸಮಿತಿ ತೀರ್ಮಾನ ಕೊಟ್ಟಿತು; 2017ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಪಿಪ್ ತರುವ ಪೊಟ್ಟಣಗಳು ಈ ನಿಯಮದ ಹೊರಗಿವೆ.

ಹಾನಿ ಪಿಪ್‌ಗೆ ಮಾತ್ರ ಸೀಮಿತವಲ್ಲ. ಉಬುಂಟುವಿನ ಹಲವು ಒಳ ಸಾಧನಗಳು ಪೈಥಾನ್‌ನಲ್ಲೇ ಬರೆದವು. 18.04ರಲ್ಲಿ ‘ಪೈಥಾನ್3’ ಎಂಬ ಹೆಸರನ್ನು ಬೇರೆ ಆವೃತ್ತಿಗೆ ತಿರುಗಿಸಿದರೆ ಟರ್ಮಿನಲ್ ಕಿಟಕಿಯೇ ತೆರೆಯದೆ ಹೋಗುತ್ತಿತ್ತು. ರಿಪೇರಿಗೆ ಒಳಹೋಗುವ ಬಾಗಿಲೇ ಮುಚ್ಚಿದಂತೆ!

ಬೀಗ ಬಂತು, ಕೀಲಿಯೂ ಜೊತೆಗೇ ಬಂತು

‘ಪೆಪ್ 668’ ಎಂಬ ಪ್ರಸ್ತಾವದಂತೆ, 2023ರ ಡೆಬಿಯನ್ 12ರಲ್ಲೂ 2024ರ ಉಬುಂಟು 24.04ರಲ್ಲೂ ವ್ಯವಸ್ಥೆಯ ಪೈಥಾನ್ ಒಳಗೆ ಪಿಪ್ ಕೈಹಾಕದಂತೆ ತಡೆ ಇದೆ. ಇದು ಸ್ವಾಗತಾರ್ಹ. ಆದರೆ ‘ವ್ಯವಸ್ಥೆಯನ್ನು ಒಡೆ’ ಎಂಬ ಅರ್ಥದ ಆಯ್ಕೆಯೊಂದನ್ನು ಸೇರಿಸಿದರೆ ತಡೆ ಬಿಟ್ಟುಕೊಡುತ್ತದೆ. ಅರ್ಥ ತಿಳಿಯದೆ ಅದನ್ನು ನಕಲು ಮಾಡುವವರೇ ಹೆಚ್ಚು. ಸರಿಯಾದ ದಾರಿಯಾದ ‘ವೆನ್ವ್’, ಅಂದರೆ ಪ್ರತ್ಯೇಕ ಆವರಣ, 2012ರಿಂದ ಪೈಥಾನ್‌ನ ಭಾಗವಾಗಿದ್ದರೂ ಡೆಬಿಯನ್ ಅದನ್ನು ಬೇರೆ ಪೊಟ್ಟಣವಾಗಿ ಇಟ್ಟಿದೆ. ಅದನ್ನು ಹಾಕಲು ಆಡಳಿತದ ಗುಪ್ತಪದ ಬೇಕು. ವಿದ್ಯಾರ್ಥಿಯ ಬಳಿ ಅದು ಇರುವುದಿಲ್ಲ.

ರಾಯಚೂರು ನಗರದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, 2019ರಲ್ಲಿ ಸ್ಥಾಪನೆಯಾದ ಐಐಐಟಿ ಇದೆ. ಕೇಳಿದರೆ ಹೇಳುವವರು ಸಿಗುತ್ತಾರೆ. ದೇವದುರ್ಗ, ಮಾನ್ವಿಯಂಥ ಊರಿನಲ್ಲಿ ಹಲವು ವಿದ್ಯಾರ್ಥಿಗಳು ಹಂಚಿಕೊಳ್ಳುವ ಒಂದು ಗಣಕ ಕೆಟ್ಟರೆ ಅಷ್ಟೂ ಜನರ ಪ್ರಯೋಗ ನಿಲ್ಲುತ್ತದೆ.

ಆದ್ದರಿಂದ ಅಧ್ಯಾಪಕರಲ್ಲಿ ಕೆಲವು ವಿನಂತಿ. ನಂಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್‌ಗಳನ್ನು ವರ್ಷದ ಮೊದಲಲ್ಲೇ ಆಪ್ಟ್ ಮೂಲಕ ಹಾಕಿಸಿ. ವೆನ್ವ್ ಪೊಟ್ಟಣವನ್ನೂ ಅಂದೇ ಹಾಕಿಸಿ. ಬರಿಯ ‘ಪಿಪ್’ ಎನ್ನುವ ಬದಲು ‘ಪೈಥಾನ್3 -ಎಂ ಪಿಪ್’ ಎಂದು ಕಲಿಸಿ. ಆಗ ಯಾವ ಪೈಥಾನ್‌ನ ಪಿಪ್ ಎಂಬ ಗೊಂದಲ ಇರುವುದಿಲ್ಲ. ಸಂಶಯ ಬಂದಾಗ ‘ಟೈಪ್ -ಎ ಪಿಪ್’ ಎಂದು ಒತ್ತಿಸಿ. ಆ ಹೆಸರಿನ ಆದೇಶಗಳು ಎಲ್ಲೆಲ್ಲಿವೆ ಎಂಬ ಪಟ್ಟಿ ಬರುತ್ತದೆ. ಪ್ರಯೋಗ ಕೈಪಿಡಿ ಬರೆಯುವವರು ಅಳವಡಿಕೆಗೆ ಒಂದು ಸಾಲು ಕೊಟ್ಟು ಮುಗಿಸದೆ, ಅದು ಯಾವ ಕೋಶಕ್ಕೆ ಏನನ್ನು ಬರೆಯುತ್ತದೆ ಎಂಬುದನ್ನೂ ಹೇಳಲಿ. ವರ್ನಿಯರ್ ಕೊಡುವ ಮುನ್ನ ಅದರ ಶೂನ್ಯದೋಷ ನೋಡಲು ಹೇಳಿಕೊಡುವ ನಾವು, ಗಣಕದ ವಿಷಯದಲ್ಲಿ ಅಷ್ಟು ಎಚ್ಚರವನ್ನು ಬಿಡುವುದು ಸರಿಯಲ್ಲ.