ಹೇಳದೆಯೇ ಅರಿಯುವ ಕಂಪೈಲರ್

ಓಕ್ಯಾಮಲ್ ಭಾಷೆಯ ಪ್ರಾಂಪ್ಟ್‌ನಲ್ಲಿ ಪುಟ್ಟದೊಂದು ಫಂಕ್ಷನ್ ಬರೆದು ಎಂಟರ್ ಒತ್ತಿ, ಮರುಸಾಲಿನಲ್ಲಿ ಮೂಡುವ ಅದರ ಟೈಪನ್ನು ಓದುವುದು ನನಗೆ ಎಂದೂ ಹಳಸದ ಸುಖ. ನಾನು ಎಲ್ಲೂ ಟೈಪ್ ಬರೆದಿರುವುದಿಲ್ಲ. ಆದರೂ ಕಂಪೈಲರ್ ಅದನ್ನು ನನಗಿಂತ ನಿಚ್ಚಳವಾಗಿ ಕಂಡಿರುತ್ತದೆ.

ಡೈನಾಮಿಕ್ ಭಾಷೆಗಳ ಹಗುರ ನಡೆಯೂ ನನಗೆ ಪ್ರಿಯವೇ. ಲಿಸ್ಪ್, ಪೈಥಾನ್‌ಗಳಲ್ಲಿ ಟೈಪ್ ಅಂಟಿಕೊಂಡಿರುವುದು ಮೌಲ್ಯಕ್ಕೆ, ಹೆಸರಿಗಲ್ಲ. ಈ ಸಾಲಿನಲ್ಲಿ 5 ಎಂಬ ಸಂಖ್ಯೆಯನ್ನು ಹಿಡಿದ ಹೆಸರೇ ಮುಂದಿನ ಸಾಲಿನಲ್ಲಿ ಒಂದು ಪದವನ್ನೋ ಪಟ್ಟಿಯನ್ನೋ ಹಿಡಿಯಬಲ್ಲದು. ಮನಸ್ಸಿಗೆ ಹೊಳೆದದ್ದು ತಡೆಯಿಲ್ಲದೆ ಬೆರಳಿಗಿಳಿಯುತ್ತದೆ. ಸಂಖ್ಯೆಗೆ ಪದವನ್ನು ಕೂಡಿಸಹೊರಟ ತಪ್ಪು ಮಾತ್ರ ಆ ಸಾಲು ಓಡುವ ತನಕ ಅಡಗಿಯೇ ಇರುತ್ತದೆ. ಪ್ಯಾಸ್ಕಲ್‌ನಂಥ ಸ್ಟ್ಯಾಟಿಕ್ ಭಾಷೆಗಳು ಅದನ್ನು ಓಡಿಸುವ ಮೊದಲೇ ಹಿಡಿಯುತ್ತವೆ. ಅದಕ್ಕಾಗಿ ಹೆಸರು ಹೆಸರಿಗೂ ಟೈಪ್ ಬರೆದುಕೊಡಬೇಕು.

ಈ ಹಗುರವನ್ನೂ ಆ ಭದ್ರತೆಯನ್ನೂ ಒಟ್ಟಿಗೆ ಎರಕ ಹೊಯ್ದವರು ರಾಬಿನ್ ಮಿಲ್ನರ್. 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಅವರೂ ಸಂಗಡಿಗರೂ ಪ್ರಮೇಯಗಳನ್ನು ಸಾಧಿಸುವ ಎಲ್‌ಸಿಎಫ್ ವ್ಯವಸ್ಥೆಯನ್ನು ಕಟ್ಟುತ್ತಿದ್ದರು. ಅದರ ಕೆಲಸಕ್ಕೆಂದೇ ಹುಟ್ಟಿದ ಭಾಷೆ, ಓಕ್ಯಾಮಲ್‌ನ ಪೂರ್ವಜ, ಎಂಎಲ್. ಅಲ್ಲಿ ಪ್ರಮೇಯವೂ ಒಂದು ಟೈಪ್. ತರ್ಕದ ನಿಯಮಗಳನ್ನು ಹಾದು ಬಂದಲ್ಲದೆ ಆ ಟೈಪಿನ ಮೌಲ್ಯ ಹುಟ್ಟುವಂತೆಯೇ ಇಲ್ಲ. ಎಂಥ ಚೊಕ್ಕ ಕಟ್ಟಡ! 1978ರ ಪ್ರಬಂಧದಲ್ಲಿ ಮಿಲ್ನರ್, ಟೈಪನ್ನು ತಾನೇ ಊಹಿಸುವ ವಿಧಾನವನ್ನು ವಿವರಿಸಿದರು. ತರ್ಕಶಾಸ್ತ್ರಜ್ಞ ರೋಜರ್ ಹಿಂಡ್ಲಿ 1969ರಲ್ಲೇ ಬೇರೊಂದು ದಾರಿಯಿಂದ ಇದೇ ಸತ್ಯವನ್ನು ಮುಟ್ಟಿದ್ದರಿಂದ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿದೆ.

ಅದರ ಕುಸುರಿಯನ್ನು ಹತ್ತಿರದಿಂದ ನೋಡೋಣ. ‘ಲೆಟ್ ಕಂಪೋಸ್ ಎಫ್ ಜಿ ಎಕ್ಸ್ = ಎಫ್ (ಜಿ ಎಕ್ಸ್)’. ಇಷ್ಟೇ ಬರೆದದ್ದು. ಎಕ್ಸ್ ಏನೆಂದು ಗೊತ್ತಿಲ್ಲ. ಇರಲಿ, ಗ್ಯಾಮಾ ಅನ್ನೋಣ. ಜಿ ಅದನ್ನು ತೆಗೆದುಕೊಳ್ಳುತ್ತಿದೆ, ಹಾಗಾದರೆ ಜಿ ಗ್ಯಾಮಾದಿಂದ ಏನನ್ನೋ ಕೊಡುವ ಫಂಕ್ಷನ್. ಆ ಏನನ್ನೋ ಆಲ್ಫಾ ಆಗಲಿ. ಎಫ್ ಸ್ವೀಕರಿಸುವುದು ಅದೇ ಆಲ್ಫಾವನ್ನು. ಅದು ಕೊಡುವುದು ಬೀಟಾ. ಪದಬಂಧದಲ್ಲಿ ಒಂದು ಅಕ್ಷರ ಕೂತೊಡನೆ ಅಡ್ಡ ಸಾಲಿನ ಪದವೂ ತೆರೆದುಕೊಳ್ಳುವಂತೆ, ಒಂದೊಂದು ಸುಳಿವೂ ಇನ್ನೊಂದನ್ನು ಬಿಡಿಸುತ್ತದೆ. ಕೊನೆಗೆ ಉತ್ತರ ಬರುತ್ತದೆ: ಆಲ್ಫಾದಿಂದ ಬೀಟಾಗೆ ಒಂದು ಫಂಕ್ಷನ್, ಗ್ಯಾಮಾದಿಂದ ಆಲ್ಫಾಗೆ ಇನ್ನೊಂದು, ಜೊತೆಗೊಂದು ಗ್ಯಾಮಾ ಕೊಡಿ, ಬೀಟಾ ಪಡೆಯಿರಿ.

ನಾನು ಹೇಳದ ಒಂದು ನಿರ್ಬಂಧವೂ ಇದರಲ್ಲಿಲ್ಲ, ಬೇಕಾದ ಒಂದೂ ಬಿಟ್ಟುಹೋಗಿಲ್ಲ. ಇದಕ್ಕಿಂತ ವಿಶಾಲವಾದ ಟೈಪ್ ಈ ಫಂಕ್ಷನ್ನಿಗೆ ಸಾಧ್ಯವೇ ಇಲ್ಲ. ಆ ಮಾತನ್ನು ಲೂಯಿಸ್ ಡಾಮಸ್ ಮತ್ತು ಮಿಲ್ನರ್ ಅವರ 1982ರ ಪ್ರಬಂಧ ಗಟ್ಟಿಗೊಳಿಸಿತು.

ನುರಿತ ಕಣ್ಣಿಗೆ ಈ ಟೈಪ್‌ಗಳು ಇನ್ನೂ ಹೆಚ್ಚು ಹೇಳುತ್ತವೆ. ಆಲ್ಫಾಗಳ ಪಟ್ಟಿ ಪಡೆದು ಆಲ್ಫಾಗಳ ಪಟ್ಟಿ ಕೊಡುವ ಶುದ್ಧ ಫಂಕ್ಷನ್ ಎದುರಾಯಿತೆನ್ನಿ. ಆಲ್ಫಾ ಏನೆಂದು ತಿಳಿಯದ ಅದು ಹೊಸದೊಂದು ಆಲ್ಫಾವನ್ನು ಎಲ್ಲಿಂದ ತಂದೀತು? ಇದ್ದವನ್ನೇ ತಿರುವಿಹಾಕಬಹುದು, ಕೆಲವನ್ನು ಬಿಡಬಹುದು, ಕೆಲವನ್ನು ಮತ್ತೆ ಮತ್ತೆ ಇಡಬಹುದು, ಅಷ್ಟೆ. ಕೋಡಿನ ಒಂದಕ್ಷರವನ್ನೂ ಓದದೆ ಅದರ ಗುಣ ಕೈಗೆ ಬಂತು. ಫಿಲಿಪ್ ವಾಡ್ಲರ್ 1989ರಲ್ಲಿ ಇಂಥ ಪುಕ್ಕಟೆ ಪ್ರಮೇಯಗಳ ಕುರಿತೇ ಸೊಗಸಾದ ಪ್ರಬಂಧ ಬರೆದರು.

ನೀವೂ ಒಮ್ಮೆ ಸವಿದು ನೋಡಿ. ‘ಲೆಟ್ ರೆಕ್ ಎಫ್ ಎಕ್ಸ್ = ಎಫ್ ಎಕ್ಸ್’ ಎಂದು ಬರೆಯಿರಿ, ತನ್ನನ್ನೇ ಕರೆಯುತ್ತ ಹೋಗುವ ಫಂಕ್ಷನ್. ಟೈಪ್ ಬರುತ್ತದೆ: ಆಲ್ಫಾದಿಂದ ಬೀಟಾ. ಏನೇ ಕೊಡಿ, ಏನು ಬೇಕಾದರೂ ಕೊಡುತ್ತೇನೆ ಎಂಬ ಭರವಸೆ. ಎಂದೂ ಮರಳದ ಫಂಕ್ಷನ್ ಮಾತ್ರ ಅಂಥ ಭರವಸೆ ಕೊಡಬಲ್ಲದು. ಓಡಿಸುವ ಮೊದಲೇ ಟೈಪ್ ಅದನ್ನು ನಿಮ್ಮ ಕಣ್ಣ ಮುಂದಿಟ್ಟಿದೆ.