ಮೊದಲ ಸ್ಥಾನ: ಅಳೆದದ್ದು ಏನನ್ನು?

2025ರ ‘ಇಂಡಿಯಾ ಜಸ್ಟಿಸ್ ರಿಪೋರ್ಟ್’ನಲ್ಲಿ 18 ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ ಸಿಕ್ಕಿತು. 2022ರ ವರದಿಯಲ್ಲೂ ಹಾಗೆಯೇ ಆಗಿತ್ತು. ಸಂತೋಷದ ಸಂಗತಿ. ಆದರೆ ವಿಜ್ಞಾನ ಓದುವ ನೀವು ಮೊದಲು ಕೇಳಬೇಕಾದದ್ದು, ಇಲ್ಲಿ ಅಳೆದದ್ದು ಏನನ್ನು ಎಂದು.

ವರದಿಯು ಪೊಲೀಸ್, ಸೆರೆಮನೆ, ನ್ಯಾಯಾಂಗ ಮತ್ತು ಕಾನೂನು ನೆರವು ವ್ಯವಸ್ಥೆಗಳಲ್ಲಿರುವ ಹಣ, ಸಿಬ್ಬಂದಿ, ಸೌಕರ್ಯ, ಕೆಲಸದ ಹೊರೆ ಮುಂತಾದವುಗಳನ್ನು ಎಣಿಸುತ್ತದೆ. ಎಂದರೆ ಅದು ಅಳೆಯುವುದು ಮುಖ್ಯವಾಗಿ ಸಾಮರ್ಥ್ಯವನ್ನು. ದೂರು ಕೊಟ್ಟವರಿಗೆ ನ್ಯಾಯ ದೊರೆಯಿತೇ ಎಂಬುದನ್ನಲ್ಲ. ವರದಿ ಇದನ್ನು ಮುಚ್ಚಿಟ್ಟಿಲ್ಲ. ಸ್ಥಾನವನ್ನಷ್ಟೇ ಓದುವ ನಾವು ಮರೆಯುತ್ತೇವೆ.

ಫಲಿತಾಂಶದ ಅಂಕಿಯೇ ಬೇಕೆಂದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ಶಿಕ್ಷೆಯ ಪ್ರಮಾಣವಿದೆ. ಅದರ ಛೇದವನ್ನು ಗಮನಿಸಿ. ಅಲ್ಲಿರುವುದು ದಾಖಲಾದ ಪ್ರಕರಣಗಳ ಸಂಖ್ಯೆಯಲ್ಲ, ಆ ವರ್ಷ ವಿಚಾರಣೆ ಮುಗಿದವುಗಳ ಸಂಖ್ಯೆ. 100 ಪ್ರಕರಣಗಳು ದಾಖಲಾಗಿ, 10ರ ವಿಚಾರಣೆ ಮುಗಿದು, 8ರಲ್ಲಿ ಶಿಕ್ಷೆಯಾಯಿತು ಎಂದುಕೊಳ್ಳಿ. ಪ್ರಮಾಣ ಶೇ. 80! ಉಳಿದ 90 ಈ ಲೆಕ್ಕಕ್ಕೆ ಬರುವುದೇ ಇಲ್ಲ. ಜೊತೆಗೆ, ಶಿಕ್ಷೆ ಹೆಚ್ಚಿದಷ್ಟೂ ನ್ಯಾಯ ಹೆಚ್ಚಿತು ಎನ್ನಲಾಗದು. ನಿರಪರಾಧಿಯ ಬಿಡುಗಡೆಯೂ ನ್ಯಾಯವೇ.

ಸರಕಾರಿ ಗುತ್ತಿಗೆಯಲ್ಲೂ ಇದೇ ತೊಡಕು. ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕದಲ್ಲಿ 1999ರ ಅಧಿನಿಯಮವಿದೆ. ಆದರೆ ಟೆಂಡರಿನ ಯಶಸ್ಸನ್ನು ‘ಉಳಿತಾಯ’ದಿಂದ ಅಳೆದರೆ ಏನಾಗುತ್ತದೆ? ಉಡುಪಿ ಜಿಲ್ಲೆಯ ಇನ್ನಂಜೆಯಲ್ಲಿ ಒಂದು ಕಾಂಕ್ರೀಟ್ ರಸ್ತೆಯನ್ನು ಕಲ್ಪಿಸಿಕೊಳ್ಳಿ. ಅದರ ನ್ಯಾಯವಾದ ವೆಚ್ಚ 9 ಲಕ್ಷ ರೂಪಾಯಿ, ಅಂದಾಜು ಪಟ್ಟಿಯಲ್ಲಿ 12 ಲಕ್ಷ, ಗುತ್ತಿಗೆ ಕೊಟ್ಟದ್ದು 10.8 ಲಕ್ಷಕ್ಕೆ. ಕಡತದಲ್ಲಿ ಶೇ. 10 ಉಳಿತಾಯ, ನಿಜದಲ್ಲಿ 1.8 ಲಕ್ಷ ನಷ್ಟ. ಅಳತೆಗೋಲೇ ಉಬ್ಬಿದ್ದರೆ ಅಳತೆಗೆ ಅರ್ಥವೆಲ್ಲಿ?

ಇದಕ್ಕಿಂತ ಉತ್ತಮ ಅಳತೆಗಳಿವೆ. ಎಷ್ಟು ಮಂದಿ ಬಿಡ್ ಸಲ್ಲಿಸಿದರು? ಒಬ್ಬರೇ ಬಿಡ್‌ದಾರರಿದ್ದ ಟೆಂಡರುಗಳ ಪಾಲನ್ನು ಐರೋಪ್ಯ ಒಕ್ಕೂಟ ಒಂದು ಸೂಚಕವಾಗಿ ಬಳಸುತ್ತದೆ. ಕೆಲಸ ಅವಧಿಯೊಳಗೆ ಮುಗಿಯಿತೇ? ಕೊರೆದು ತೆಗೆದ ಕಾಂಕ್ರೀಟ್ ತುಂಡಿನ ದಪ್ಪ ಕರಾರಿನಂತಿದೆಯೇ? ಕರಾವಳಿಯ ಒಂದು ಮಳೆಗಾಲದ ಬಳಿಕ ರಸ್ತೆ ಹೇಗಿದೆ?

ಇವುಗಳಿಗೆ ಉತ್ತರ ಹುಡುಕಲು ದಾರಿಯಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಸೆಕ್ಷನ್ 2(ಜೆ) ಪ್ರಕಾರ, ಕಾಮಗಾರಿಯನ್ನು ಪರಿಶೀಲಿಸುವುದೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದೂ ನಾಗರಿಕರ ಹಕ್ಕು. ಶಿಕ್ಷಕರೇ, ಶೇಕಡಾವಾರು ಪಾಠ ಮಾಡುವಾಗ ನಿಮ್ಮೂರಿನ ಒಂದು ಕಾಮಗಾರಿಯ ಅಂದಾಜು ಪಟ್ಟಿಯನ್ನು ತರಗತಿಗೆ ತನ್ನಿ. ಛೇದ ಯಾವುದು, ಅದನ್ನು ನಿಗದಿ ಮಾಡಿದವರು ಯಾರು ಎಂದು ಮಕ್ಕಳೇ ಕೇಳಲಿ.