ಚಿಕಿತ್ಸಾ ಕೊಠಡಿಯಲ್ಲಿ ಕಾಣೆಯಾದ ಎರಡನೆಯ ತಾಯಿ

‘ಮಾಸ್ಟರ್ ಆಫ್ ನನ್’ ಸರಣಿಯ ಮೂರನೆಯ ಭಾಗ ‘ಮೊಮೆಂಟ್ಸ್ ಇನ್ ಲವ್’ 2021ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಅಂದಿನಿಂದ ಅದರ ನಾಲ್ಕನೆಯ ಅಧ್ಯಾಯದ ಸುತ್ತ ಒಂದು ಬಗೆಯ ಭಕ್ತಿಯೇ ಬೆಳೆದಿದೆ. ಮಗು ಬಯಸುವ ಸಲಿಂಗಿ ಹೆಣ್ಣುಮಕ್ಕಳ ಪಾಡನ್ನು ಇಷ್ಟು ನಿಜವಾಗಿ ತೋರಿಸಿದ ಕೃತಿ ಬೇರೊಂದಿಲ್ಲ ಎಂಬ ಮಾತು ಮತ್ತೆ ಮತ್ತೆ ಕೇಳುತ್ತದೆ. ಪಾಡು ನಿಜವಾಗಿದೆ, ಒಪ್ಪೋಣ. ಆದರೆ ಅದು ಒಬ್ಬಳ ಪಾಡು. ದಂಪತಿಯ ಕಥೆ ಎಂದು ಶುರುವಾದದ್ದು ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ದಂಪತಿಯನ್ನೇ ಕಳೆದುಕೊಂಡಿರುತ್ತದೆ. ಹೊಗಳಿದವರು ಈ ನಷ್ಟವನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಕಥೆ ಗೊತ್ತಿರುವುದೇ. ಕಾದಂಬರಿಗಾರ್ತಿ ಡೆನೀಸ್ (ಲೀನಾ ವೇಥ್) ಮತ್ತು ಅಲೀಷಿಯಾ (ನೇಯೋಮಿ ಆಕಿ) ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನ ಮನೆಯಲ್ಲಿ ಸಂಸಾರ ಹೂಡಿದ್ದಾರೆ. ಗೆಳೆಯನೊಬ್ಬ ವೀರ್ಯ ಕೊಡಲು ಒಪ್ಪುತ್ತಾನೆ, ಗರ್ಭ ಕಟ್ಟುತ್ತದೆ, ನಿಲ್ಲುವುದಿಲ್ಲ. ಸಂಬಂಧ ಮುರಿಯುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ ಅಲೀಷಿಯಾ ಒಬ್ಬಳೇ ಐವಿಎಫ್‌ಗೆ ಹೋಗುತ್ತಾಳೆ. ನಿರ್ದೇಶಕ ಅಜೀಜ್ ಅನ್ಸಾರಿ ಇದನ್ನೆಲ್ಲ ಹಳೆಯ ಟೀವಿಯಷ್ಟೇ ಅಗಲದ ಚೌಕಟ್ಟಿನಲ್ಲಿ, ಅಲುಗಾಡದ ಕ್ಯಾಮೆರಾದಲ್ಲಿ ತೋರಿಸುತ್ತಾರೆ.

ಎಲ್ಲರೂ ನೆನೆಯುವ ದೃಶ್ಯ ವೈದ್ಯೆಯ ಕೋಣೆಯದು. ವಿಮೆ ಈ ಚಿಕಿತ್ಸೆಯ ಖರ್ಚು ಭರಿಸುವುದಿಲ್ಲ ಎಂದು ವೈದ್ಯೆ ವಿವರಿಸುತ್ತಾಳೆ. ಅಮೆರಿಕದ ವಿಮಾ ಪದ್ಧತಿಯಲ್ಲಿ ಪ್ರತಿ ಕಾಯಿಲೆಗೂ ಪ್ರತಿ ಅವಘಡಕ್ಕೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಓರ್ಕಾ ತಿಮಿಂಗಿಲ ಮೇಲೆರಗಿದರೆ ಅದಕ್ಕೊಂದು ಸಂಖ್ಯೆಯಿದೆ, ವಿಮಾನದ ಎಂಜಿನ್ ಒಳಕ್ಕೆ ಸೆಳೆದುಕೊಂಡರೆ ಅದಕ್ಕೂ ಒಂದಿದೆ. ಸಲಿಂಗಿಯಾಗಿದ್ದು ಗರ್ಭ ಬಯಸುವವಳಿಗೆ ಮಾತ್ರ ಇಲ್ಲ. ಓರ್ಕಾದ ಮಾತು ಚಿತ್ರಕಥೆಗಾರರ ಕಲ್ಪನೆಯಲ್ಲ. ಅಲ್ಲಿ ಬಳಕೆಯಲ್ಲಿರುವ ಐಸಿಡಿ-10 ಪಟ್ಟಿಯಲ್ಲಿ ಓರ್ಕಾ ಕಚ್ಚಿದ್ದಕ್ಕೆ ಡಬ್ಲ್ಯೂ56.21 ಎಂಬ ಸಂಖ್ಯೆ ನಿಜವಾಗಿಯೂ ಇದೆ.

ದೃಶ್ಯ ಗೆಲ್ಲುವುದು ಅಲ್ಲಿ ಕೋಪ ಇಲ್ಲದಿರುವುದರಿಂದ. ವೈದ್ಯೆ ಕ್ರೂರಿಯಲ್ಲ, ತನಗೇ ಮುಜುಗರವಾಗುವ ಒಂದು ನಿಯಮವನ್ನು ಓದಿ ಹೇಳುತ್ತಿದ್ದಾಳೆ ಅಷ್ಟೆ. ನಗು ಬರುತ್ತದೆ, ಬಂದ ನಗು ಗಂಟಲಲ್ಲೇ ಉಳಿಯುತ್ತದೆ. ಇಡೀ ಸರಣಿಯಲ್ಲಿ ವ್ಯವಸ್ಥೆಗೆ ಒಂದು ಮುಖ ಸಿಗುವುದು ಈ ಕೆಲವು ನಿಮಿಷಗಳಲ್ಲಿ.

ಆದರೆ ದೃಶ್ಯವನ್ನು ಇನ್ನೊಮ್ಮೆ ನೋಡಿ. ವಿಮಾ ಕಂಪನಿಗಳು ಬಂಜೆತನವನ್ನು ಅಳೆಯುತ್ತಾ ಬಂದದ್ದು ತಿಂಗಳ ಲೆಕ್ಕದಲ್ಲಿ. ಗಂಡುಹೆಣ್ಣು ಕೂಡಿ ಹನ್ನೆರಡು ತಿಂಗಳು ಪ್ರಯತ್ನಿಸಿಯೂ ಗರ್ಭ ಕಟ್ಟದಿದ್ದರೆ, ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳು, ಅದು ಬಂಜೆತನ. ಇಬ್ಬರು ಹೆಣ್ಣುಗಳ ಸಂಸಾರದಲ್ಲಿ ಈ ಲೆಕ್ಕ ಶುರುವಾಗುವುದೇ ಇಲ್ಲ. ಅನ್ಯಾಯ ಇರುವುದು ಇಲ್ಲಿ. ಈ ಲೆಕ್ಕದ ಮುಂದೆ ಒಂಟಿಯಾಗಿ ಕೂತ ಅಲೀಷಿಯಾಗೂ ಗಂಡನಿಲ್ಲದ ಯಾವ ಹೆಂಗಸಿಗೂ ವ್ಯತ್ಯಾಸವಿಲ್ಲ. ಅವಳೂ ವಿಮೆಯ ಹೊರಗೇ. ವೈದ್ಯೆ ಹೇಳುವುದು ಸಲಿಂಗಿಯ ಮಾತು, ಎದುರಿಗೆ ಕೂತಿರುವುದು ಒಂಟಿ ಹೆಂಗಸಿನ ಸ್ಥಿತಿ. ಪಕ್ಕದ ಕುರ್ಚಿಯಲ್ಲಿ ಡೆನೀಸ್ ಇದ್ದಿದ್ದರೆ ಮಾತು ನೆಟ್ಟಗೆ ನಾಟುತ್ತಿತ್ತು: ಮದುವೆಯನ್ನು ಸರ್ಕಾರ ಒಪ್ಪಿದೆ, ಆ ಮದುವೆಗೆ ಹುಟ್ಟಬೇಕಾದ ಮಗುವನ್ನು ವಿಮೆ ಒಪ್ಪುತ್ತಿಲ್ಲ. ಚಿತ್ರಕಥೆ ಆ ಕುರ್ಚಿಯನ್ನು ಖಾಲಿ ಬಿಟ್ಟು ತನ್ನ ಅತ್ಯುತ್ತಮ ಬಾಣವನ್ನು ತಾನೇ ಮೊಂಡು ಮಾಡಿಕೊಂಡಿದೆ.

ಮುಂದಿನದೆಲ್ಲ ಇದೇ ಜಾಡಿನಲ್ಲಿ ಸಾಗುತ್ತದೆ. ಅಲೀಷಿಯಾ ತನ್ನ ಹೊಟ್ಟೆಗೆ ತಾನೇ ಹಾರ್ಮೋನ್ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾಳೆ. ಆಕಿ ಅವರ ಅಭಿನಯ ಅಪರೂಪದ್ದು. ಸೂಜಿ ಒಳಹೋಗುವ ಮುನ್ನ ಕೈ ತಡೆಯುವ ಆ ಹಿಂಜರಿಕೆಯನ್ನು ಅವರು ಎಲ್ಲೂ ಅತಿಯಾಗಿಸುವುದಿಲ್ಲ. ಆದರೂ ದಂಪತಿಯಾಗಿ ಈ ಚಿಕಿತ್ಸೆಗೆ ಇಳಿದವರಲ್ಲಿ ಸೂಜಿ ಹಿಡಿಯುವ ಕೈ ಬಹಳ ಸಲ ಇನ್ನೊಬ್ಬಳದು. ಗರ್ಭ ಹೊರದವಳು ಏನಾಗುತ್ತಾಳೆ? ಮಗು ತನ್ನ ರಕ್ತವಲ್ಲ ಎಂಬ ಅಳುಕನ್ನು ಎಲ್ಲಿಡುತ್ತಾಳೆ? ಒಬ್ಬಳ ಅಂಡಾಣುವಿನಿಂದಾದ ಭ್ರೂಣವನ್ನು ಇನ್ನೊಬ್ಬಳ ಗರ್ಭಕ್ಕೆ ಸೇರಿಸುವ ದಾರಿಯೂ ಇಂದು ಇದೆ. ಯಾರ ಅಂಡಾಣು, ಯಾರ ಗರ್ಭ ಎಂಬ ಮಾತುಕತೆಯೇ ಒಂದು ನಾಟಕಕ್ಕೆ ಸಾಕು. ಸರಣಿ ಇದರ ಹತ್ತಿರ ಸುಳಿಯುವುದಿಲ್ಲ. ಕೊನೆಯ ಅಧ್ಯಾಯದ ಹೊತ್ತಿಗೆ ಡೆನೀಸ್ ಬೇರೊಂದು ಸಂಸಾರದಲ್ಲಿ ತಾಯಿಯಾಗಿದ್ದಾಳೆ. ಆ ಮಗು ಬಂದ ಬಗೆ ಎರಡು ಅಧ್ಯಾಯಗಳ ನಡುವಿನ ಕತ್ತಲಲ್ಲಿ ಮುಗಿದುಹೋಗಿದೆ. ನಮಗೆ ಬೇಕಿದ್ದ ಕಥೆ ಅದು.

ಈಗ ವಿಮರ್ಶಕರ ವಿಷಯ. ಇದು ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ ಮಟ್ಟದ ಕೃತಿ ಎಂದವರಿದ್ದಾರೆ. ಮುರಿದ ದಂಪತಿ ಬೇರೆಯವರನ್ನು ಮದುವೆಯಾದ ಮೇಲೆ ಗುಟ್ಟಾಗಿ ಕೂಡುವ ಕೊನೆಯನ್ನು ಬರ್ಗ್‌ಮನ್‌ನ 1973ರ ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ನಿಂದ ತಂದದ್ದು ನಿಜ. ಆದರೆ ಬರ್ಗ್‌ಮನ್‌ನ ಜೋಡಿ ಒಬ್ಬರನ್ನೊಬ್ಬರು ಮಾತಿನಲ್ಲಿ ಸುಲಿಯುತ್ತದೆ, ಇವರು ಮೌನವಾಗಿ ಬಟ್ಟೆ ಮಡಿಸುತ್ತಾರೆ. ನಿಧಾನವನ್ನೆಲ್ಲ ಆಳವೆಂದು ಓದುವ ಚಟ ನಮ್ಮ ಚಿತ್ರವಿಮರ್ಶೆಗೂ ಹೊಸದಲ್ಲ. ಇನ್ನೊಂದು ಪಂಗಡ, ಇದು ಮಗು ಬಯಸುವ ಯಾವ ಹೆಣ್ಣಿನ ಕಥೆಯಾದರೂ ಆಗಬಹುದು ಎಂದು ಮೆಚ್ಚುತ್ತದೆ. ಅವರು ಮೆಚ್ಚುಗೆಯಾಗಿ ಹೇಳಿದ್ದನ್ನೇ ನಾನು ದೂರು ಎಂದು ಓದುತ್ತೇನೆ. ಯಾರ ಕಥೆಯಾದರೂ ಆಗಬಹುದಾದರೆ ಇಬ್ಬರು ಹೆಣ್ಣುಗಳನ್ನು ಕರೆತಂದದ್ದು ಏಕೆ? ಸಾರ್ವತ್ರಿಕತೆಯ ಹೊಗಳಿಕೆ ಇಲ್ಲಿ ಕಷ್ಟದ ಪ್ರಶ್ನೆಯಿಂದ ನುಣುಚಿಕೊಳ್ಳುವ ಸಭ್ಯ ದಾರಿ.

ಎರಡನೆಯ ತಾಯಿಯೂ ಕಾಣಬೇಕೆಂಬ ಈ ಹಟ ನಮಗೇಕೆ ಎಂದರೆ ಉತ್ತರ ಕಾನೂನಿನಲ್ಲೇ ಇದೆ. ಭಾರತದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆಯಲ್ಲಿ ದಂಪತಿ ಎಂದರೆ ಮದುವೆಯಾದ, ಮಕ್ಕಳಾಗದ ಗಂಡುಹೆಣ್ಣು. ಒಂಟಿ ಹೆಣ್ಣಿಗೆ 21 ದಾಟಿ 50ರೊಳಗಿದ್ದರೆ ಅವಕಾಶವಿದೆ. ಸಲಿಂಗಿ ವಿವಾಹಕ್ಕೆ ಮಾನ್ಯತೆ ಕೊಡಲು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಜೊತೆಗೆ ಬಾಳುವ ಇಬ್ಬರು ಹೆಣ್ಣುಗಳಿಗೆ ಮಗು ಬೇಕೆಂದರೆ ಕ್ಲಿನಿಕ್ಕಿನ ಕಾಗದದಲ್ಲಿ ಒಬ್ಬಳು ಒಂಟಿಯಾಗಬೇಕು, ಇನ್ನೊಬ್ಬಳು ಯಾರೂ ಅಲ್ಲದವಳಾಗಬೇಕು. ನಮ್ಮ ಕಾನೂನು ಅಳಿಸಿದವಳನ್ನೇ ಈ ಸರಣಿ ಕಲೆಯ ಹೆಸರಿನಲ್ಲಿ ಅಳಿಸಿದೆ.

ಅಮೆರಿಕದ ಸಂತಾನ ವೈದ್ಯರ ಸಂಘ 2023ರಲ್ಲಿ ಬಂಜೆತನದ ತನ್ನ ವ್ಯಾಖ್ಯೆಯನ್ನೇ ಹಿಗ್ಗಿಸಿತು. ದಾನಿಯ ವೀರ್ಯ ಅಥವಾ ಅಂಡಾಣು ಬೇಕಾದವರೂ ಈಗ ಅದರೊಳಗೆ ಬರುತ್ತಾರೆ. ವೈದ್ಯರ ಒಂದು ಸಂಘ ಕಾಣಬಲ್ಲದ್ದು ಕಲಾವಿದರಿಗೆ ಕಾಣಬೇಕಿತ್ತು. ನೇಯೋಮಿ ಆಕಿಗಾಗಿ ನಾಲ್ಕನೆಯ ಅಧ್ಯಾಯವನ್ನು ಖಂಡಿತ ನೋಡಿ. ಆದರೆ ಅದನ್ನು ಸಲಿಂಗಿ ದಂಪತಿಯ ಕಥೆ ಎಂದು ಹೊಗಳಬೇಡಿ, ಆ ಕಥೆಯನ್ನು ಈ ಸರಣಿ ಹೇಳಿಲ್ಲ.